ಕಾಣೆಯಾದ ಬಿಡಿಭಾಗಗಳು: ಒಂದು ಹಳೆಯ ಕೊರೆಯುವ ಯಂತ್ರದ ಚರಿತ್ರೆ

ನ್ಯೂಜೆರ್ಸಿಯ ಓಕ್ ಟ್ರೀ ರಸ್ತೆಯನ್ನು ನಮ್ಮ ಓದುಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಕರಿಬೇವಿಗೆ, ಸೀರೆಗೆ, ಬಿಸಿ ದೋಸೆಗೆ ಅಲ್ಲಿಗೆ ಹೋಗಿ ಕಾರು ನಿಲ್ಲಿಸಲು ಜಾಗವಿಲ್ಲದೆ ಸುತ್ತು ಹೊಡೆದವರು ನಮ್ಮಲ್ಲಿ ಬಹಳ ಮಂದಿ. ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಮುಂದುವರಿದು ಸೌತ್ ಪ್ಲೇನ್‌ಫೀಲ್ಡ್ ದಾಟಿದರೆ ಪ್ಲೇನ್‌ಫೀಲ್ಡ್ ಎಂಬ ಊರು ಸಿಗುತ್ತದೆ. 1930 ಮತ್ತು 40ರ ದಶಕಗಳಲ್ಲಿ ಅಲ್ಲಿ ವಾಕರ್-ಟರ್ನರ್ ಎಂಬ ಕಂಪನಿ ಮರಗೆಲಸದ ಮತ್ತು ಲೋಹದ ಕೆಲಸದ ಯಂತ್ರಗಳನ್ನು ಮಾಡುತ್ತಿತ್ತು. ಅದರ ಡ್ರಿಲ್ ಪ್ರೆಸ್ಸು, ಅಂದರೆ ಕಂಬಕ್ಕೆ ಕೂರಿಸಿದ ಕೊರೆಯುವ ಯಂತ್ರ, ಒಂದು ಕಾಲಕ್ಕೆ ಅಮೆರಿಕದ ಶಾಲೆಗಳಲ್ಲೂ ಗರಾಜುಗಳಲ್ಲೂ ಕಾಣಸಿಗುತ್ತಿದ್ದ ಸರಕು. ಕಂಪನಿ ಹೋಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಯಂತ್ರಗಳು ಮಾತ್ರ ಇನ್ನೂ ಇವೆ. ಮನೆಯೊಡೆಯರು ತೀರಿಕೊಂಡ ಮೇಲೆ ನಡೆಯುವ ಮಾರಾಟಗಳಲ್ಲಿ, ನೆಲಮಾಳಿಗೆಯ ಮೂಲೆಗಳಲ್ಲಿ, ತುಕ್ಕು ಹಿಡಿದು, ಬಹುಮಟ್ಟಿಗೆ ಏನಾದರೊಂದು ಭಾಗ ಕಾಣೆಯಾಗಿ.

ನಮ್ಮ ಬಳಗದಲ್ಲಿ ಕಥೆ ಕವನಗಳ ಜೊತೆಗೆ ಇಂಥ ಹಳೆಯ ಕಬ್ಬಿಣದ ಹುಚ್ಚೂ ಇರುವ ನಾಲ್ಕಾರು ಜನರಿದ್ದೇವೆ. ಯಂತ್ರವನ್ನು ತೊಳೆದು ತಿಕ್ಕಿ ಬಣ್ಣ ಹಚ್ಚುವುದು ಒಂದು ತಿಂಗಳ ಕೆಲಸ. ಕಾಣೆಯಾದ ಬಿಡಿಭಾಗ ಹುಡುಕುವುದು ವರ್ಷಗಳ ಕೆಲಸ. ಈ ಹುಡುಕಾಟದಲ್ಲಿ ನಮಗೆ ನಿಧಾನವಾಗಿ ಹೊಳೆದದ್ದು ಇಷ್ಟು: ಯಾವ ಭಾಗ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು ಅದೃಷ್ಟದ ಮಾತಲ್ಲ. ಅದರ ಹಿಂದೆ ಒಂದು ಚರಿತ್ರೆಯಿದೆ. ಹತ್ತಾರು ಕಂಪನಿಗಳು ಕೂಡಿ ಒಪ್ಪಿಕೊಂಡ ಅಳತೆಯ ಭಾಗಗಳು ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಒಬ್ಬನೇ ತಯಾರಕ ತನ್ನದೇ ಅಳತೆಯಲ್ಲಿ ಮಾಡಿದ ಭಾಗ ಅವನೊಂದಿಗೇ ಸಾಯುತ್ತದೆ. ಇವೆರಡರ ನಡುವೆ ಉಳಿದದ್ದನ್ನು ಉಳಿಸಿದವರು ಕೆಲವು ಕಾಗದಗಳು ಮತ್ತು ಕೆಲವು ಕೈಗಳು. ಈ ಲೇಖನ ಆ ಮೂರರ ಕಥೆ.

ಬೈರಿಗೆಯಿಂದ ಯಂತ್ರಕ್ಕೆ

ರಂಧ್ರ ಕೊರೆಯುವ ಉಪಕರಣಕ್ಕೆ ಕನ್ನಡದಲ್ಲಿ ಬೈರಿಗೆ ಎಂಬ ಒಳ್ಳೆಯ ಮಾತಿದೆ. ಈಗ ಬಳಸುವವರು ಕಡಿಮೆ; ಬೆಂಗಳೂರಿನ ಬಡಗಿಯೂ ಡ್ರಿಲ್ಲು ಎನ್ನುತ್ತಾನೆ. ಹಳೆಯ ಬಡಗಿ ಕಮಾನಿನ ಹುರಿಯನ್ನು ಸುತ್ತಿ ಹಿಂದೆ ಮುಂದೆ ಎಳೆದು ಮೊನೆಯನ್ನು ತಿರುಗಿಸುತ್ತಿದ್ದ. ಅಮೆರಿಕದ ಹಳ್ಳಿಯ ಕಮ್ಮಾರ 19ನೆಯ ಶತಮಾನದ ಕೊನೆಯ ಹೊತ್ತಿಗೆ ಕುಲುಮೆಯ ಪಕ್ಕದ ಕಂಬಕ್ಕೆ ಜಡಿದ ಕೈತಿರುಗಣೆಯ ಯಂತ್ರವನ್ನು ಬಳಸುತ್ತಿದ್ದ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನ ಚಾಂಪಿಯನ್, ನ್ಯೂಯಾರ್ಕಿನ ಬಫಲೋ ಫೋರ್ಜ್ ಇವನ್ನು ಮಾಡುತ್ತಿದ್ದ ಹೆಸರಾಂತ ಕಂಪನಿಗಳು. ದೊಡ್ಡ ಕಾರ್ಖಾನೆಗಳಲ್ಲಾದರೆ ಮಾಡಿನ ಕೆಳಗೆ ಉದ್ದಕ್ಕೂ ತಿರುಗುವ ದಂಡದಿಂದ ಬೆಲ್ಟು ಇಳಿಸಿ ಓಡಿಸುವ ಭಾರಿ ಯಂತ್ರಗಳಿದ್ದವು.

ಮನೆಗೂ ಶಾಲೆಗೂ ಹೊಂದುವ ಡ್ರಿಲ್ ಪ್ರೆಸ್ಸು ಬಂದದ್ದು ಸಣ್ಣ ವಿದ್ಯುತ್ ಮೋಟಾರು ಅಗ್ಗವಾದ ಮೇಲೆ. ಅದರ ರಚನೆ ಸರಳ. ಬೀಡು ಕಬ್ಬಿಣದ ಪೀಠ, ಅದರ ಮೇಲೊಂದು ಉಕ್ಕಿನ ಕಂಬ, ಕಂಬದ ತುದಿಯಲ್ಲಿ ಯಂತ್ರದ ತಲೆ. ತಲೆಯ ಹಿಂದೆ ಮೋಟಾರು, ಮೇಲೆ ಮೆಟ್ಟಿಲು ಮೆಟ್ಟಿಲಾದ ಎರಡು ಪುಲ್ಲಿಗಳು, ಅವುಗಳ ನಡುವೆ ಬೆಲ್ಟು. ಬೆಲ್ಟನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಬದಲಿಸಿದರೆ ವೇಗ ಬದಲಾಗುತ್ತದೆ. ಮೂರು ಕಡ್ಡಿಗಳ ಹಿಡಿಯನ್ನು ತಿರುಗಿಸಿದರೆ ಕ್ವಿಲ್ ಎಂಬ ಕೊಳವೆ ಕೆಳಗಿಳಿಯುತ್ತದೆ. ಅದರೊಳಗೆ ತಿರುಗುವ ಸ್ಪಿಂಡಲು, ಸ್ಪಿಂಡಲಿನ ತುದಿಗೆ ಮೊನೆಯನ್ನು ಕಚ್ಚಿ ಹಿಡಿಯುವ ಚಕ್ಕು. ಹಿಡಿ ಬಿಟ್ಟರೆ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಪಟ್ಟಿಯೊಂದು ಕ್ವಿಲ್ಲನ್ನು ಮೇಲಕ್ಕೆ ಸೆಳೆದುಕೊಳ್ಳುತ್ತದೆ. 14 ಇಂಚಿನ ಯಂತ್ರ ಎಂದರೆ 14 ಇಂಚು ಅಗಲದ ಹಲಗೆಯ ನಟ್ಟನಡುವೆ ರಂಧ್ರ ಕೊರೆಯಬಲ್ಲದ್ದು ಎಂದರ್ಥ. ಕಂಬಕ್ಕೂ ಮೊನೆಗೂ ಇರುವ ದೂರ ಅದರ ಅರ್ಧ, 7 ಇಂಚು.

ಹರ್ಬರ್ಟ್ ಟೌಟ್ಜ್ ಎಂಬಾತ 1919ರಲ್ಲಿ ವಿಸ್ಕಾನ್ಸಿನ್ನಿನ ಮಿಲ್ವಾಕಿಯಲ್ಲಿ ತನ್ನ ಗರಾಜಿನಲ್ಲಿ ಶುರುಮಾಡಿದ ಡೆಲ್ಟಾ ಕಂಪನಿ 1930ರ ದಶಕದಲ್ಲಿ ಈ ಯಂತ್ರಗಳನ್ನು ಮನೆಮನೆಗೆ ತಲುಪಿಸಿತು. ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಕಳೆದುಕೊಂಡವರು, ಅರ್ಧ ಸಂಬಳಕ್ಕಿಳಿದವರು, ಮನೆಯ ಮೇಜು ಕುರ್ಚಿಯನ್ನು ತಾವೇ ಮಾಡಿಕೊಳ್ಳತೊಡಗಿದ್ದರು. ಡೆಲ್ಟಾ ಅವರಿಗೆಂದು 'ಡೆಲ್ಟಾಗ್ರಾಮ್' ಎಂಬ ಪತ್ರಿಕೆಯನ್ನೇ ಹೊರಡಿಸಿತು. ಪ್ಲೇನ್‌ಫೀಲ್ಡಿನ ವಾಕರ್-ಟರ್ನರ್, ಮಿಷಿಗನ್ನಿನ ಕಲಮಜೂ ಊರಿನ ಅಟ್ಲಾಸ್, ಇವು ಅದರ ಪ್ರತಿಸ್ಪರ್ಧಿಗಳು. ಇತ್ತ 1917ರ ಸ್ಮಿತ್-ಹ್ಯೂಸ್ ಕಾಯಿದೆ ಶಾಲೆಗಳಲ್ಲಿ ವೃತ್ತಿಶಿಕ್ಷಣಕ್ಕೆ ಕೇಂದ್ರ ಸರಕಾರದ ಹಣ ಒದಗಿಸಿತ್ತು. ಹೈಸ್ಕೂಲಿಗೊಂದು ಕಮ್ಮಟ, ಕಮ್ಮಟಕ್ಕೆರಡು ಡ್ರಿಲ್ ಪ್ರೆಸ್ಸು ಎಂಬಂತಾಯಿತು. ಇಂದು ನಮಗೆ ಸಿಗುವ ಯಂತ್ರಗಳಲ್ಲಿ ಎಷ್ಟೋ ಆ ಶಾಲೆಗಳಿಂದ ಬಂದವು. ಮೇಜಿನ ಮೇಲೆ ಸ್ಪಿಂಡಲಿನ ಕೆಳಗೆ ಅರ್ಧಚಂದ್ರಾಕಾರದಲ್ಲಿ ಅಲ್ಲಲ್ಲಿ ಬಿದ್ದ ತೂತುಗಳು ತಲೆಮಾರುಗಳ ಹುಡುಗರು ಹಲಗೆಯನ್ನು ದಾಟಿ ಕಬ್ಬಿಣಕ್ಕೂ ಮೊನೆ ಇಳಿಸಿದ್ದರ ಸಾಕ್ಷಿ.

ಭಾಗಗಳು ಹೇಗೆ ಕಾಣೆಯಾಗುತ್ತವೆ

ಇಂಥ ಯಂತ್ರ ಸುಲಭಕ್ಕೆ ಸವೆಯುವುದಿಲ್ಲ. ಭಾಗಗಳು ಕಳೆಯುವುದು ಅದು ಒಬ್ಬರಿಂದ ಒಬ್ಬರ ಕೈಗೆ ಹೋಗುವಾಗ. ಬಾಡಿಗೆ ಟ್ರಕ್ಕಿಗೆ ಏರಿಸಲು ತಲೆ, ಕಂಬ, ಪೀಠಗಳನ್ನು ಬಿಚ್ಚುತ್ತಾರೆ. ಮೇಜನ್ನು ಬಿಗಿಯುವ ಹಿಡಿ ಹಳೆಯ ಮನೆಯಲ್ಲೇ ಉಳಿಯುತ್ತದೆ. ಮೋಟಾರನ್ನು ಯಾರೋ ಸಾಣೆಚಕ್ರಕ್ಕೆ ಹಾಕಿಕೊಳ್ಳುತ್ತಾರೆ. ಬೆಲ್ಟು ಬದಲಿಸಲು ಅಡ್ಡಿಯೆಂದು ತೆಗೆದ ಮುಚ್ಚಳ ಮತ್ತೆ ಮೇಲೇರುವುದೇ ಇಲ್ಲ. ಚಕ್ಕಿನ ಕೀಲಿಯಂತೂ ಮನೆಯ ಸೂಜಿಯಂತೆ, ಬೇಕೆಂದಾಗ ಸಿಗದು. ರಂಧ್ರದ ಆಳವನ್ನು ಗೊತ್ತುಮಾಡುವ ಕಡ್ಡಿ ಬಾಗಿ ಮುರಿದು ಹೋಗಿರುತ್ತದೆ. ಉಳಿದವರು ಇಲ್ಲದ ಭಾಗದ ಜಾಗಕ್ಕೆ ತಂತಿ, ಮರದ ತುಂಡು, ಸಿಕ್ಕಿದ ಬೋಲ್ಟು ಹಾಕಿ ಕೆಲಸ ಸಾಗಿಸುತ್ತಾರೆ.

ನಷ್ಟ ಸಣ್ಣದು, ಪರಿಣಾಮ ದೊಡ್ಡದು. ಅಂಗೈಯಗಲದ ಒಂದು ಪುಲ್ಲಿ ಒಡೆದಿದ್ದರೆ ಇಡೀ ಯಂತ್ರ ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಇನ್ನೂ ನೂರು ವರ್ಷ ಬಾಳಬಲ್ಲ ಕಬ್ಬಿಣ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ.

ಹೆಸರೊಂದು, ತಯಾರಕ ಇನ್ನೊಬ್ಬ

ಹುಡುಕಾಟದ ಮೊದಲ ಪ್ರಶ್ನೆ: ಈ ಯಂತ್ರವನ್ನು ಮಾಡಿದವರು ಯಾರು? ಹಲಗೆಯ ಮೇಲೆ ಹೆಸರಿದೆಯಲ್ಲ ಎನ್ನಬಹುದು. ಆದರೆ ಅಮೆರಿಕದ ಅತಿ ಪರಿಚಿತ ಹೆಸರಾದ ಕ್ರಾಫ್ಟ್ಸ್‌ಮನ್ ಯಾವ ಕಾರ್ಖಾನೆಯ ಹೆಸರೂ ಅಲ್ಲ. 1927ರಲ್ಲಿ ಸಿಯರ್ಸ್ ಅಂಗಡಿ ಕೊಂಡುಕೊಂಡ ಹೆಸರು ಅದು. ಯಂತ್ರಗಳನ್ನು ಬೇರೆ ಬೇರೆ ಕಂಪನಿಗಳು ಮಾಡಿಕೊಡುತ್ತಿದ್ದವು. ಗುಟ್ಟು ಇರುವುದು ಮಾದರಿ ಸಂಖ್ಯೆಯ ಮೊದಲ ಮೂರು ಅಂಕಿಗಳಲ್ಲಿ. 101 ಎಂದಿದ್ದರೆ ಅಟ್ಲಾಸ್, 103 ಎಂದಿದ್ದರೆ ಕಿಂಗ್-ಸೀಲಿ, 113 ಎಂದಿದ್ದರೆ ಎಮರ್ಸನ್ ಎಲೆಕ್ಟ್ರಿಕ್. ಇದು ಗೊತ್ತಿಲ್ಲದವರು ಕ್ರಾಫ್ಟ್ಸ್‌ಮನ್ ಭಾಗ ಬೇಕು ಎಂದು ವರ್ಷಗಟ್ಟಲೆ ಅಲೆಯುತ್ತಾರೆ. ಗೊತ್ತಿರುವವರು ಅಟ್ಲಾಸ್ ಹೆಸರಿನ ಯಂತ್ರದಿಂದ ಅದೇ ಎರಕದ ಭಾಗವನ್ನು ತೆಗೆದು ಕೂರಿಸುತ್ತಾರೆ.

ಎರಡನೆಯ ತೊಡಕು ಕಂಪನಿಗಳು ಕೈ ಬದಲಾದದ್ದು. ಡೆಲ್ಟಾವನ್ನು 1945ರಲ್ಲಿ ರಾಕ್‌ವೆಲ್ ಕೊಂಡಿತು. ವಾಕರ್-ಟರ್ನರ್ ಯುದ್ಧಾನಂತರ ಮಿಲ್ವಾಕಿಯ ಕಿಯರ್ನಿ ಅಂಡ್ ಟ್ರೆಕರ್ ಕೈಗೆ ಹೋಗಿ, 1950ರ ದಶಕದ ನಡುವಿನಲ್ಲಿ ಅದೂ ರಾಕ್‌ವೆಲ್ ಪಾಲಾಯಿತು. ಹೀಗೆ ಇಪ್ಪತ್ತು ವರ್ಷ ಒಬ್ಬರ ಮೇಲೊಬ್ಬರು ಪೈಪೋಟಿ ನಡೆಸಿದವರು ಒಂದೇ ಸೂರಿನಡಿ ಬಂದರು, ಸ್ವಲ್ಪ ಕಾಲದಲ್ಲೇ ವಾಕರ್-ಟರ್ನರ್ ಎಂಬ ಹೆಸರು ಅಳಿಯಿತು. ಡೆಲ್ಟಾ 1984ರಲ್ಲಿ ಪೆಂಟೇರ್, 2004ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್, 2011ರಲ್ಲಿ ತೈವಾನಿನ ಚಾಂಗ್ ಟೈಪ್ ಎಂದು ಸಾಗಿತು. ಪ್ರತಿ ಸಲ ಮನೆ ಬದಲಿಸುವಾಗ ನಮ್ಮಲ್ಲಿ ಯಾವ ಪೆಟ್ಟಿಗೆ ಮೊದಲು ಹೊರಗೆ ಬೀಳುತ್ತದೋ, ಕಂಪನಿಯಲ್ಲೂ ಅದೇ ಬೀಳುತ್ತದೆ: ಇನ್ನು ಲಾಭ ತರದ ಹಳೆಯ ಮಾದರಿಯ ಬಿಡಿಭಾಗಗಳ ಪೆಟ್ಟಿಗೆ. ಇದಕ್ಕೆ ವ್ಯತಿರಿಕ್ತವಾಗಿ ಅಟ್ಲಾಸ್ 1950ರಲ್ಲಿ ಕ್ಲಾಸಿಂಗ್ ಎಂಬ ಕಂಪನಿಯನ್ನು ಕೊಂಡು, ಮುಂದೆ ಅದರ ಹೆಸರಿನಲ್ಲೇ ನಡೆಯಿತು. ಯಂತ್ರ ಮಾಡುವುದು ನಿಂತ ಮೇಲೂ ದಶಕಗಳ ಕಾಲ ಹಳೆಯ ಅಟ್ಲಾಸ್ ಭಾಗಗಳನ್ನು ಮಾರಿತು. ಒಂದೇ ಕಾಲದ ಎರಡು ಯಂತ್ರಗಳು, ಒಂದಕ್ಕೆ ಭಾಗ ಸಿಗುತ್ತಿತ್ತು, ಇನ್ನೊಂದಕ್ಕೆ ಇಲ್ಲ. ಯಂತ್ರದ ಗುಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ.

ಒಪ್ಪಂದಗಳು ಉಳಿಸಿದ ಭಾಗಗಳು

ಈಗ ಸಿಗುವ ಭಾಗಗಳ ಮಾತಿಗೆ ಬರೋಣ. 1936ರ ಯಂತ್ರದ ಬೋಲ್ಟು ಕಳೆದಿದ್ದರೆ ಚಿಂತೆಯಿಲ್ಲ, ಇವತ್ತಿನ ಅಂಗಡಿಯ 3/8 ಇಂಚಿನ ಬೋಲ್ಟು ಅದರ ತೂತಿನಲ್ಲಿ ಸಲೀಸಾಗಿ ತಿರುಗುತ್ತದೆ. ಇದು ತಾನಾಗಿ ಆದದ್ದಲ್ಲ. 19ನೆಯ ಶತಮಾನದ ಮಧ್ಯದವರೆಗೆ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ತಿರುಪನ್ನು ಎಲ್ಲರಿಗೂ ಒಂದೇ ಆಗಲಿ ಎಂದು ಮುಂದಿಟ್ಟ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್, ಅಲ್ಲಿನ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನ ಸಭೆಯಲ್ಲಿ, ಸಾಮಾನ್ಯ ಕೆಲಸಗಾರನೂ ಸುಲಭವಾಗಿ ಮಾಡಬಲ್ಲ 60 ಡಿಗ್ರಿ ಕೋನದ ಚಪ್ಪಟೆ ತುದಿಯ ತಿರುಪನ್ನು ಸೂಚಿಸಿದ. ಅಮೆರಿಕ ಅದನ್ನು ಹಿಡಿಯಿತು, ಬ್ರಿಟನ್ನೂ ಅದರ ವಸಾಹತುಗಳೂ ವಿಟ್‌ವರ್ತನನ್ನು ಹಿಡಿದವು. ಅರ್ಧ ಇಂಚಿನ ಬೋಲ್ಟಿನಲ್ಲಿ ಇಂಚಿಗೆ ವಿಟ್‌ವರ್ತ್ 12 ಸುತ್ತು, ಅಮೆರಿಕನ್ 13 ಸುತ್ತು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಯಂತ್ರಗಳ ಭಾಗಗಳು ಒಂದಕ್ಕೊಂದು ಕೂಡದೆ ಪಟ್ಟ ಪಾಡಿನ ನಂತರ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು 60 ಡಿಗ್ರಿಯ ಏಕೀಕೃತ ತಿರುಪಿಗೆ ಸಹಿ ಹಾಕಿದವು. ಅಂಗಡಿಯಲ್ಲಿ ಕೆಲವು ಸೆಂಟಿಗೆ ಸಿಗುವ ಬೋಲ್ಟಿನ ಹಿಂದೆ ನೂರು ವರ್ಷಗಳ ವಾದವಿದೆ.

ಬೇರಿಂಗಿನದು ಇನ್ನೂ ಸ್ವಾರಸ್ಯದ ಸಂಗತಿ. ಇಂಚು ಬಿಟ್ಟರೆ ಬೇರೆ ಮಾತೇ ಇಲ್ಲದ ಅಮೆರಿಕನ್ ಯಂತ್ರದ ಹೊಟ್ಟೆಯೊಳಗಿನ ಚೆಂಡು ಬೇರಿಂಗುಗಳು ಮಿಲಿಮೀಟರಿನವು! ಚೆಂಡು ಬೇರಿಂಗಿನ ಉದ್ಯಮ ಯುರೋಪಿನಲ್ಲಿ ಬೆಳೆದು, ಅಲ್ಲಿನ ಅಳತೆಯನ್ನೇ ಜಗತ್ತು ಒಪ್ಪಿಕೊಂಡಿತು. ಹಳೆಯ ಬೇರಿಂಗಿನ ಮೇಲೆ ಯಾವ ಕಂಪನಿಯ ಏನೇ ಸಂಖ್ಯೆಯಿದ್ದರೂ, ಒಳರಂಧ್ರ 17, ಹೊರ ಸುತ್ತು 40, ದಪ್ಪ 12 ಮಿಲಿಮೀಟರ್ ಎಂದು ಅಳೆದರೆ ಅದು ಇವತ್ತಿನ 6203; ಮಸ್ಕತ್ತಿನಲ್ಲೂ ಮೆಲ್ಬರ್ನಿನಲ್ಲೂ ಹುಬ್ಬಳ್ಳಿಯಲ್ಲೂ ಅದೇ ಹೆಸರಿಗೆ ಸಿಗುತ್ತದೆ. ಕೆಲವು ತಯಾರಕರು ದಪ್ಪವನ್ನು ಮಾತ್ರ ತಮಗೆ ಬೇಕಾದಂತೆ ಹೆಚ್ಚಿಸಿ ಮಾಡಿಸಿದ್ದರು. ಅಲ್ಲಿಗೆ ಸಾಮಾನ್ಯ ಬೇರಿಂಗಿನ ಜೊತೆ ತೆಳುವಾದ ಬಳೆಯೊಂದನ್ನು ಲೇತಿನಲ್ಲಿ ಮಾಡಿ ಸೇರಿಸಬೇಕು. ಒಪ್ಪಂದ ಮುರಿದ ಕಡೆಯಲ್ಲೇ ನಮ್ಮ ಕೆಲಸ ಶುರು.

ಬೆಲ್ಟೂ ಹಾಗೆಯೇ. ಡೆನ್ವರಿನ ಗೇಟ್ಸ್ ಕಂಪನಿಯ ಜಾನ್ ಗೇಟ್ಸ್ 1917ರಲ್ಲಿ ರೂಪಿಸಿದ ವಿ ಆಕಾರದ ರಬ್ಬರು ಬೆಲ್ಟು ಎಷ್ಟು ಬೇಗ ಹರಡಿತೆಂದರೆ ಅದರ ಅಗಲಗಳು ಎಲ್ಲರಿಗೂ ಒಂದೇ ಆದವು. ಮೋಟಾರು ಕೂಡ ಕಷ್ಟವಿಲ್ಲ. ಆದರೆ ಯಂತ್ರವನ್ನು ಊರಿಗೆ ಸಾಗಿಸುವ ಆಸೆಯಿರುವವರು ಗಮನಿಸಬೇಕು: ಇಲ್ಲಿನ 60 ಹರ್ಟ್ಜ್ ವಿದ್ಯುತ್ತಿಗೆ ನಿಮಿಷಕ್ಕೆ ಸುಮಾರು 1725 ಸುತ್ತು ತಿರುಗುವ ಮೋಟಾರು ಭಾರತದ 50 ಹರ್ಟ್ಜಿನಲ್ಲಿ ಸುಮಾರು 1440ಕ್ಕೆ ಇಳಿಯುತ್ತದೆ. ಅಲ್ಲಿನ ವೋಲ್ಟೇಜಿನ ಮಾತು ಬೇರೆ. ಮೋಟಾರನ್ನು ಅಲ್ಲಿಯೇ ಕೊಳ್ಳುವುದು ಜಾಣತನ.

ಒಬ್ಬನೇ ಬಲ್ಲ ಅಳತೆ

ಚಕ್ಕು ಈ ಎರಡು ಲೋಕಗಳ ಗಡಿಯಲ್ಲಿ ನಿಂತ ಭಾಗ. ಮೂರು ದವಡೆಗಳನ್ನು ಹಲ್ಲಿನ ಕೀಲಿಯಿಂದ ಬಿಗಿಯುವ ಚಕ್ಕಿಗೆ ಕನೆಕ್ಟಿಕಟ್ಟಿನ ಆರ್ಥರ್ ಜೇಕಬ್ಸ್ 1902ರಲ್ಲಿ ಪೇಟೆಂಟು ಪಡೆದ. ಹಳೆಯ ಬಗೆಯ ಚಕ್ಕು ಬಿಗಿಯಲು ಹೋಗಿ ಬೆರಳ ಗೆಣ್ಣು ಜಜ್ಜಿಕೊಂಡ ಕೋಪದಲ್ಲಿ ಅದನ್ನು ಹುಟ್ಟುಹಾಕಿದ ಎಂಬ ಕಥೆಯಿದೆ. ಚಕ್ಕು ಸ್ಪಿಂಡಲಿಗೆ ಅಂಟುವುದು ತಿರುಪಿನಿಂದಲ್ಲ, ಓರೆಯಿಂದ. ಸ್ಪಿಂಡಲಿನ ತುದಿ ಸ್ವಲ್ಪವೇ ಸ್ವಲ್ಪ ಕಿರಿದಾಗುತ್ತ ಹೋಗುತ್ತದೆ, ಚಕ್ಕಿನ ತೂತು ಅದೇ ಓರೆಯಲ್ಲಿರುತ್ತದೆ. ಒಂದು ಏಟು ಕೊಟ್ಟರೆ ಎರಡೂ ಕಚ್ಚಿಕೊಳ್ಳುತ್ತವೆ. ಜೇಕಬ್ಸ್ 33ನೆಯ ಸಂಖ್ಯೆಯ ಓರೆ ಒಂದು ಇಂಚು ಉದ್ದದಲ್ಲಿ 0.6240ರಿಂದ 0.5605 ಇಂಚಿಗೆ ಇಳಿಯುತ್ತದೆ. ಸಣ್ಣ ಡ್ರಿಲ್ ಪ್ರೆಸ್ಸುಗಳಿಗೆ ಅದೇ ರೂಢಿಯಾದ್ದರಿಂದ ಹೊಸ ಚಕ್ಕು ಇವತ್ತೂ ಸಿಗುತ್ತದೆ.

ಸಿಗದಿರುವುದು ಅದರ ಮೇಲಿನ ಬಳೆ. ಓರೆ ಕೆಳಮುಖದ ಒತ್ತಡಕ್ಕೆ ಒಳ್ಳೆಯದು, ಪಕ್ಕದ ತಳ್ಳಾಟಕ್ಕೆ ಅಲ್ಲ. ಮರಕ್ಕೆ ಅಂಚು ಕೊರೆಯಲು ಪಕ್ಕದಿಂದ ಒತ್ತಿದಾಗ ತಿರುಗುತ್ತಿರುವ ಚಕ್ಕು ಕಳಚಿ ಬೀಳಬಹುದು. ಅದಕ್ಕೆಂದು ಡೆಲ್ಟಾ ಕಂಪನಿ ಸ್ಪಿಂಡಲಿಗೆ ತಿರುಪು ಕೊರೆದು, ಚಕ್ಕನ್ನು ಹಿಡಿದಿಡುವ ಬಳೆಯೊಂದನ್ನು ಕೂರಿಸಿತ್ತು. ಆ ಬಳೆಯ ತಿರುಪಿಗೆ ಜೊತೆಯಾಗುವ ಚಕ್ಕನ್ನು ಜೇಕಬ್ಸ್ ಕಂಪನಿ ಬೇರೆಯಾಗಿಯೇ ಮಾಡುತ್ತಿತ್ತು. ಹಳೆಯ ಚಕ್ಕು ಸವೆದಾಗ ಜನ ಸಾಮಾನ್ಯ ಚಕ್ಕು ಹಾಕಿದರು, ಕೆಲಸವಿಲ್ಲದ ಬಳೆ ಡಬ್ಬಿಗೆ ಬಿತ್ತು, ಡಬ್ಬಿ ಕಸಕ್ಕೆ ಹೋಯಿತು. ಕೊರೆಯಲು ಮಾತ್ರ ಬಳಸುವವರಿಗೆ ಅದು ಇಲ್ಲದೆಯೂ ನಡೆಯುತ್ತದೆ. ಯಂತ್ರ ಏನೇನು ಮಾಡಬಲ್ಲದ್ದಾಗಿತ್ತು ಎಂಬುದಕ್ಕೆ ಉಳಿದ ಸಾಕ್ಷಿ ಮಾತ್ರ ಆ ಬಳೆಯೇ.

ಪುಲ್ಲಿಯ ಕಥೆ ಲೋಹದ ಕಥೆ. 1929ರಲ್ಲಿ ನ್ಯೂಜೆರ್ಸಿ ಜಿಂಕ್ ಕಂಪನಿ ಸತುವಿಗೆ ಅಲ್ಯುಮಿನಿಯಂ, ಮೆಗ್ನೀಸಿಯಂ, ತಾಮ್ರ ಬೆರೆಸಿ ಝಮಕ್ ಎಂಬ ಮಿಶ್ರಲೋಹವನ್ನು ರೂಪಿಸಿತು. ಈ ನಾಲ್ಕು ಲೋಹಗಳ ಜರ್ಮನ್ ಹೆಸರುಗಳ ಮೊದಲಕ್ಷರ ಸೇರಿದರೆ ಝಮಕ್. ಉಕ್ಕಿನ ಅಚ್ಚಿಗೆ ಒತ್ತಿ ಎರೆದರೆ ನಯವಾದ ಭಾಗ ಅಗ್ಗದಲ್ಲಿ ಸಿದ್ಧ. ಪುಲ್ಲಿ, ಗುಂಡಿ, ಹಲ್ಲುಗಾಲಿಗಳಿಗೆ ಎಲ್ಲರೂ ಸತುವಿನ ಎರಕ ಬಳಸಿದರು. ಆದರೆ ಸತುವಿನಲ್ಲಿ ಸೀಸದ ಕಲ್ಮಷ ಲೇಶ ಹೆಚ್ಚಾದರೂ ವರ್ಷಗಳ ಮೇಲೆ ಒಳಗೇ ಊದಿ, ಬಿರುಕು ಬಿಟ್ಟು, ಕೊನೆಗೆ ಒಣ ಸಗಣಿ ಬೆರಣಿಯಂತೆ ಕೈಯಲ್ಲೇ ಪುಡಿಯಾಗುತ್ತದೆ. ಅದಕ್ಕೆ ಸತುವಿನ ರೋಗ ಎಂದೇ ಹೆಸರು. ಇದಕ್ಕೆ ಮದ್ದಿಲ್ಲ. ಇನ್ನೊಂದು ಹಳೆಯ ಪುಲ್ಲಿ ಕೊಂಡರೂ ಅದೇ ವಯಸ್ಸಿನ ಅದೇ ಲೋಹ. ಇಲ್ಲಿ ಹುಡುಕುವುದಕ್ಕಿಂತ ಅಲ್ಯುಮಿನಿಯಂ ಗಟ್ಟಿಯಿಂದ ಹೊಸದನ್ನು ಕಡೆಯುವುದೇ ಮೇಲು.

ಬೀಡು ಕಬ್ಬಿಣದ ಭಾಗವನ್ನು ಹೊಸದಾಗಿ ಎರೆಯಬಹುದೇ? ಎರೆಯಬಹುದು, ಆದರೆ ಗೆಳೆಯನ ಯಂತ್ರದ ಭಾಗವನ್ನೇ ತಂದು ಮರಳಿನಲ್ಲಿ ಅಚ್ಚೊತ್ತಿದರೆ ಸಾಲದು. ಕರಗಿದ ಕಬ್ಬಿಣ ತಣಿಯುವಾಗ ಅಡಿಗೆ ಸುಮಾರು 1/8 ಇಂಚು ಕುಗ್ಗುತ್ತದೆ. 12 ಇಂಚಿನ ಭಾಗದ ನಕಲು 11 7/8 ಇಂಚಾಗಿ ಹೊರಬರುತ್ತದೆ. ಆದ್ದರಿಂದ ಮರದ ಮಾದರಿ ಕೆತ್ತುವವರು ಕುಗ್ಗುವಿಕೆಯ ಲೆಕ್ಕ ಸೇರಿಸಿ ಗೆರೆ ಹಾಕಿದ ವಿಶೇಷ ಅಳತೆಪಟ್ಟಿಯನ್ನು ಇಟ್ಟುಕೊಂಡಿರುತ್ತಾರೆ. ಮೂಲ ಯಂತ್ರದ ಮಾದರಿ ಕೆತ್ತಿದವನ ಬಳಿಯೂ ಅದು ಇತ್ತು. ಅಂಥ ಮಾದರಿಕಾರರು ಈ ದೇಶದಲ್ಲಿ ಈಗ ವಿರಳ. ಗಣಕದಲ್ಲಿ ಚಿತ್ರ ಬರೆದು, ಒಂದು ಶೇಕಡ ಹಿಗ್ಗಿಸಿ, ಮೂರು ಆಯಾಮದ ಮುದ್ರಣಯಂತ್ರದಲ್ಲಿ ಪ್ಲಾಸ್ಟಿಕ್ ಮಾದರಿ ತೆಗೆದು ಎರಕದ ಮನೆಗೆ ಕೊಡುವ ದಾರಿ ಈಚೆಗೆ ತೆರೆದಿದೆ. ಸಾಧನ ಹೊಸದು, ಕುಗ್ಗುವಿಕೆಯ ಲೆಕ್ಕ ಅದೇ ಹಳೆಯದು.

ಪಾಠಾಂತರಗಳು

ಇಷ್ಟಕ್ಕೂ ಏನು ಕಾಣೆಯಾಗಿದೆ ಎಂದು ತಿಳಿಯುವುದು ಹೇಗೆ? ಅದಕ್ಕಿರುವ ಆಧಾರ ಕಂಪನಿ ಅಚ್ಚುಹಾಕಿಸಿದ ಬಿಡಿಭಾಗಗಳ ಪಟ್ಟಿ: ಯಂತ್ರವನ್ನು ಬಿಡಿಸಿ ಹರಡಿದಂಥ ಚಿತ್ರ, ಪ್ರತಿ ಭಾಗಕ್ಕೊಂದು ಸಂಖ್ಯೆ. ನಾಲ್ಕು ಪುಟದ ಕಾಗದ, ಯಂತ್ರ ಬಂದ ದಿನವೇ ಎಣ್ಣೆ ಒರೆಸಲು ಹೋಗುತ್ತಿದ್ದ ಕಾಗದ. ಉಳಿದವು ಕೆಲವೇ. ಒಂದೇ ಯಂತ್ರದ ಬೇರೆ ಬೇರೆ ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ನಮ್ಮ ಓದುಗರಿಗೆ ಚಿರಪರಿಚಿತವಾದ ಒಂದು ಶಾಸ್ತ್ರ ನೆನಪಾಗುತ್ತದೆ. ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ' ಓದಿದವರಿಗೆ ಇದು ಹೊಸದಲ್ಲ: ಪ್ರತಿಗಳನ್ನು ಕೂಡಿಸುವುದು, ಪಾಠಾಂತರ ಗುರುತಿಸುವುದು, ಯಾವುದು ಮೂಲ, ಯಾವುದು ಲಿಪಿಕಾರನ ಸೇರ್ಪಡೆ, ಯಾವುದು ಲುಪ್ತ ಎಂದು ತೂಗುವುದು. ಯಂತ್ರದಲ್ಲೂ ಪ್ರಕ್ಷಿಪ್ತಗಳಿವೆ. ಎಪ್ಪತ್ತರ ದಶಕದ ಹಿಡಿ ಮೂವತ್ತರ ದಶಕದ ತಲೆಯ ಮೇಲೆ ಕುಳಿತಿರುತ್ತದೆ.

ಲುಪ್ತವೆಂದು ನಾವು ತಿಳಿದದ್ದು ಮೂಲದಲ್ಲೇ ಇರದಿರುವುದೂ ಉಂಟು. ಬೆಲ್ಟಿನ ಮುಚ್ಚಳ ಇದಕ್ಕೆ ಒಳ್ಳೆಯ ನಿದರ್ಶನ. 1930ರ ದಶಕದಲ್ಲಿ ಹಲವು ಯಂತ್ರಗಳಿಗೆ ಅದು ಬೇರೆ ಹಣ ಕೊಟ್ಟು ಕೊಳ್ಳಬೇಕಾದ ಹೆಚ್ಚುವರಿ ಸಾಮಾನು. ಕೆಲಸಗಾರರ ಸುರಕ್ಷತೆಯ ಕಾಯಿದೆ ಈ ದೇಶಕ್ಕೆ ಬಂದದ್ದು 1970ರಲ್ಲಿ. ಬರಿಯ ಬೆಲ್ಟಿನ ಯಂತ್ರವನ್ನು ಕಂಡು ಮುಚ್ಚಳ ಕಳೆದಿದೆ ಎಂದು ಹುಡುಕುತ್ತ ಹೋದರೆ, ಅದರ ಮೊದಲ ಒಡೆಯ ಕೊಳ್ಳದೇ ಇದ್ದ ವಸ್ತುವನ್ನು ಹುಡುಕಿದಂತಾಗುತ್ತದೆ. ಚರಿತ್ರೆಯ ದೃಷ್ಟಿಯಿಂದ ಮುಚ್ಚಳ ಬೇಡ. ಮನೆಯಲ್ಲಿ ಉದ್ದ ಕೂದಲಿನ ಮಕ್ಕಳು ಓಡಾಡುತ್ತಿದ್ದರೆ ಬೇಕೇ ಬೇಕು. ನಾವು ಹಾಕಿದ್ದೇವೆ.

ಇಲ್ಲಿಯೇ ಸಂಪಾದಕನ ನೀತಿ ಉಪಯೋಗಕ್ಕೆ ಬರುವುದು. ಶಾಸನದಲ್ಲಿ ಅಳಿಸಿದ ಅಕ್ಷರವನ್ನು ಊಹಿಸಿ ತುಂಬಿದಾಗ ವಿದ್ವಾಂಸರು ಅದನ್ನು ಕಂಸದಲ್ಲಿಡುತ್ತಾರೆ. ಕಲ್ಲಿನದು ಯಾವುದು, ತಮ್ಮದು ಯಾವುದು ಎಂದು ಮುಂದಿನವನಿಗೆ ತಿಳಿಯಲಿ ಎಂದು. ನಾವೂ ಹೊಸದಾಗಿ ಮಾಡಿದ ಭಾಗದ ಒಳಮೈಯಲ್ಲಿ ಮಾಡಿದ ವರ್ಷವನ್ನು ಒತ್ತಿಬಿಡುತ್ತೇವೆ. ಮೇಜಿನ ತೂತುಗಳನ್ನು ತುಂಬಬೇಕೇ ಎಂದು ನಮ್ಮಲ್ಲಿ ಜಗಳವೇ ಆಗಿದೆ. ಮುಚ್ಚಿದರೆ ಚೆಂದ, ಬಿಟ್ಟರೆ ಶಾಲೆಯ ಚರಿತ್ರೆ ಉಳಿಯುತ್ತದೆ. ಇನ್ನೂ ಬಗೆಹರಿದಿಲ್ಲ.

ಹರಿಹರದ ಲೇತು

ನಮ್ಮ ಊರಿನ ಕಡೆ ಇದೇ ಪ್ರಶ್ನೆ ಬೇರೆಯ ಉತ್ತರ ಕಂಡಿತು. ಯುದ್ಧಕಾಲದಲ್ಲಿ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಬಂತು. ನಮ್ಮ ಓದುಗರಲ್ಲಿ ಈ ಎರಡು ಕಾರ್ಖಾನೆಗಳ ಸಂಬಳದಲ್ಲಿ ಓದಿ ಇಲ್ಲಿಗೆ ಬಂದವರ ಮಕ್ಕಳು ಖಂಡಿತ ಇದ್ದಾರೆ. ಆಮದಿಗೆ ಪರವಾನಗಿ ಬೇಕಿದ್ದ ದಶಕಗಳಲ್ಲಿ ವಿಲಾಯಿತಿ ಯಂತ್ರದ ಭಾಗ ಮುರಿದರೆ ಹೊಸದನ್ನು ತರಿಸುವ ದಾರಿ ದೂರದ್ದು. ಟರ್ನರ್ ಅದನ್ನು ಅಳೆದು, ಲೇತಿನಲ್ಲಿ ಮಾಡಿಯೇ ಬಿಡುತ್ತಿದ್ದ. ಬೆಳಗಾವಿ, ಶಿವಮೊಗ್ಗಗಳ ಎರಕದ ಮನೆಗಳು, ಪೀಣ್ಯದ ಸಣ್ಣ ವರ್ಕ್‌ಶಾಪುಗಳು ಈ ವಿದ್ಯೆಯನ್ನು ಬೆಳೆಸಿದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಹರಿಹರದ ಕಾರ್ಖಾನೆ ಮುಚ್ಚಿತು. ಆದರೆ ಅದರ ಎಂಟರ್‌ಪ್ರೈಸ್ ಲೇತುಗಳು ಅದರೊಂದಿಗೆ ಸಾಯಲಿಲ್ಲ, ಏಕೆಂದರೆ ಅವುಗಳ ಭಾಗ ಮಾಡಬಲ್ಲವರು ಸುತ್ತಮುತ್ತಲೇ ಇದ್ದರು.

ಅಮೆರಿಕದಲ್ಲಿ ಯಂತ್ರಗಳು ಲಕ್ಷಗಟ್ಟಲೆ ತಯಾರಾಗಿದ್ದರಿಂದ ಹುಡುಕಿದರೆ ಇನ್ನೊಂದು ಸಿಗುತ್ತದೆ. ಹುಡುಕುವುದೇ ಇಲ್ಲಿಯ ವಿದ್ಯೆ. ನಮ್ಮಲ್ಲಿ ಸಿಗುವುದಿಲ್ಲ ಎಂಬ ಖಾತರಿಯೇ ಮಾಡುವ ವಿದ್ಯೆಯನ್ನು ಕಲಿಸಿತು. ಇಲ್ಲಿ ಕಾಗದ ಉಳಿದಿದೆ, ಕೈಗಳು ಕಡಿಮೆಯಾಗಿವೆ. ಅಲ್ಲಿ ಕೈಗಳಿವೆ, ಕಾಗದ ಯಾರೂ ಇಟ್ಟಿಲ್ಲ. ಎರಡೂ ಒಂದೊಂದು ಬಗೆಯ ಬಡತನವೇ. ಹರಿಹರದ ಲೇತಿನ ಒಂದು ಕೈಪಿಡಿ, ಎಚ್.ಎಂ.ಟಿ.ಯ ಕೊರೆಯುವ ಯಂತ್ರದ ಒಂದು ಬಿಡಿಭಾಗಗಳ ಪಟ್ಟಿ ನಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಿದೆಯೋ ಹೇಳಲಾಗದು. ನಿವೃತ್ತರಾದ ತಂದೆಯ ಟ್ರಂಕು ತೆರೆಯುವಾಗ ಸರ್ಟಿಫಿಕೇಟು, ಮದುವೆಯ ಫೋಟೋ ಎತ್ತಿಟ್ಟು ಎಣ್ಣೆ ಕಲೆಯ ಕಾಗದವನ್ನು ರದ್ದಿಗೆ ಹಾಕುವುದು ನಮ್ಮ ವಾಡಿಕೆ.

ಅಮೆರಿಕದ ಓದುಗರಿಗೆ ಡೆಲ್ಟಾ, ಅಟ್ಲಾಸ್, ಇಂಗ್ಲೆಂಡಿನ ಓದುಗರಿಗೆ ಫೋಬ್ಕೊ, ಮೆಡಿಂಗ್ಸ್, ಊರಿನಲ್ಲಿ ಎಚ್.ಎಂ.ಟಿ. ಹೆಸರು ಯಾವುದಾದರೂ ಆಗಲಿ, ಪಕ್ಕದ ಮನೆಯ ಮಾರಾಟದಲ್ಲಿ ಇಂಥ ಯಂತ್ರ ಕಂಡರೆ ನಮ್ಮದೊಂದು ವಿನಂತಿ. ಕೊಳ್ಳದಿದ್ದರೂ ಚಿಂತೆಯಿಲ್ಲ. ಅದರ ಪಕ್ಕದ ಕಪಾಟಿನಲ್ಲಿ ಮೊಳೆ, ತಿರುಪು, ತುಕ್ಕು ಹಿಡಿದ ಬಳೆಗಳು ತುಂಬಿದ ಕಾಫಿ ಡಬ್ಬಿಯೊಂದು ಇದ್ದೇ ಇರುತ್ತದೆ. ಡ್ರಾಯರಿನಲ್ಲಿ ಮಡಿಸಿದ ಹಳದಿ ಕಾಗದವೂ ಇರಬಹುದು. ಯಂತ್ರ ಕೊಂಡವರಿಗೆ ಅವೆರಡನ್ನೂ ಕೇಳಿ ತೆಗೆದುಕೊಳ್ಳಲು ಹೇಳಿ. ಮನೆಯವರು ಸಾಮಾನ್ಯವಾಗಿ ಪುಕ್ಕಟೆಯಾಗಿಯೇ ಕೊಡುತ್ತಾರೆ. ನಾವು ವರ್ಷಗಟ್ಟಲೆ ಹುಡುಕುವ ವಸ್ತು ಅನೇಕ ಸಲ ಯಂತ್ರದಿಂದ ನಾಲ್ಕಡಿ ದೂರದಲ್ಲಿ ಆ ಡಬ್ಬಿಯಲ್ಲೇ ಇದ್ದು, ಮರುದಿನ ಕಸದ ಲಾರಿ ಹತ್ತಿರುತ್ತದೆ.